ಹತ್ತಡಿ ಹಿಂದೆ ಕೂತ ಮಾಲೀಕ

ಏರ್‌ಲೈನ್ ಬಿಟ್ಟು ಬಿಸಿನೆಸ್ ಜೆಟ್ ಸೇರುವ ಪೈಲಟ್‌ಗೆ ಹೊಸ ವಿಮಾನ ಕಲಿಯಲು ಕೆಲವು ವಾರ ಸಾಕು. ಆ ವಿಮಾನದ ಒಡೆಯನಿಗೆ ‘ಇವತ್ತು ಆಗೋದಿಲ್ಲ’ ಎನ್ನುವುದನ್ನು ಕಲಿಯಲು ಎಷ್ಟು ಕಾಲ ಬೇಕು?

ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ದಿನವೂ ಓಡಾಡುವವರಿಗೆ ಎಚ್‌ಎಎಲ್ ರನ್‌ವೇ ಇನ್ನೂ ಬಳಕೆಯಲ್ಲಿದೆ ಎಂದು ಯಾರೂ ಹೇಳಬೇಕಿಲ್ಲ. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ಶುರುವಾದಾಗ ಟಿಕೆಟ್ ಕೊಂಡು ಹತ್ತುವ ವಿಮಾನಗಳೆಲ್ಲ ಅತ್ತ ಹೋದವು. ಎಚ್‌ಎಎಲ್‌ನ ಪರೀಕ್ಷಾ ಹಾರಾಟ, ವಾಯುಪಡೆಯ ವಿಮಾನಗಳು, ಗಣ್ಯರ ಓಡಾಟ ಮತ್ತು ಬಿಸಿನೆಸ್ ಜೆಟ್‌ಗಳು ಇಲ್ಲೇ ಉಳಿದವು. ಪಕ್ಕಕ್ಕೆ ಆರೇಳು ಕಿಟಕಿ, ಬಾಲದ ಬಳಿ ಎರಡು ಎಂಜಿನ್ ಇರುವ ಬಿಳಿ ವಿಮಾನವೊಂದು ಮಾರತ್ತಹಳ್ಳಿ ಕಡೆಯಿಂದ ತಗ್ಗಿ ಬಂದರೆ ಸಿಗ್ನಲ್‌ನಲ್ಲಿ ನಿಂತವರು ತಲೆಯೆತ್ತಿ ನೋಡುತ್ತಾರೆ. ಒಳಗಿರುವ ಉದ್ಯಮಿ ಯಾರು ಎಂಬ ಕುತೂಹಲ ಎಲ್ಲರಿಗೂ. ನನ್ನ ಕುತೂಹಲ ಮುಂದಿನ ಎರಡು ಸೀಟುಗಳ ಬಗ್ಗೆ.

ಆ ಸೀಟುಗಳಲ್ಲಿ ವಾಯುಪಡೆಯಿಂದ ನಿವೃತ್ತರಾದವರಿದ್ದಾರೆ, ವಿಮಾನ ಬಾಡಿಗೆಗೆ ಕೊಡುವ ಚಾರ್ಟರ್ ಕಂಪನಿಗಳಲ್ಲೇ ಬೆಳೆದವರಿದ್ದಾರೆ. ಏರ್‌ಬಸ್ ಅಥವಾ ಬೋಯಿಂಗ್‌ನಲ್ಲಿ ಹತ್ತಿಪ್ಪತ್ತು ವರ್ಷ ದುಡಿದು, ನಡುವಯಸ್ಸಿನಲ್ಲಿ ದಾರಿ ಬದಲಿಸಿದವರೂ ಇದ್ದಾರೆ. ಈ ಲೇಖನ ಈ ಕೊನೆಯವರ ಕುರಿತು. ನೂರೆಂಬತ್ತು ಜನರನ್ನು ಹೊತ್ತ ವಿಮಾನದಿಂದ ಎಂಟು ಜನರ ವಿಮಾನಕ್ಕೆ ಬರುವುದನ್ನು ಹಿಂಬಡ್ತಿ ಎಂದು ಕೆಲವರು ನೋಡುತ್ತಾರೆ, ಐಷಾರಾಮಿ ಬದುಕಿನ ಪ್ರವೇಶ ಎಂದು ಮತ್ತೆ ಕೆಲವರು. ನನ್ನ ಮಟ್ಟಿಗೆ ಎರಡೂ ಸರಿಯಲ್ಲ. ಒಬ್ಬ ವೃತ್ತಿಪರನ ಬೆನ್ನಿಗೆ ನಿಂತಿದ್ದ ದೊಡ್ಡ ವ್ಯವಸ್ಥೆ ಒಂದೇ ದಿನದಲ್ಲಿ ಇಲ್ಲವಾಗುತ್ತದೆ. ಆ ವ್ಯವಸ್ಥೆ ಹೊರುತ್ತಿದ್ದ ಭಾರವನ್ನು ಅಂದಿನಿಂದ ಅವರೇ ಹೊರಬೇಕು. ಈ ಬದಲಾವಣೆಯ ಕಷ್ಟವೂ ಘನತೆಯೂ ಇರುವುದು ಅಲ್ಲೇ.

ಕೆಲಸ ಹೋದವರು, ಕೆಲಸ ಬಿಟ್ಟವರು

ಕನ್ನಡ ಓದುಗರಿಗೆ ಮೊದಲು ನೆನಪಾಗುವುದು ಕಿಂಗ್‌ಫಿಷರ್. 2005ರ ಮೇ ತಿಂಗಳಲ್ಲಿ ಕೆಂಪು ಬಣ್ಣದ ಅಬ್ಬರದೊಂದಿಗೆ ಹಾರಾಟ ಶುರುಮಾಡಿದ, ಬೆಂಗಳೂರಿನ ಉದ್ಯಮ ಸಮೂಹವೊಂದರ ಏರ್‌ಲೈನ್ ಅದು. 2012ರ ಅಕ್ಟೋಬರ್‌ನಲ್ಲಿ ಅದು ನೆಲ ಕಚ್ಚಿದಾಗ ಪೈಲಟ್‌ಗಳು, ಎಂಜಿನಿಯರ್‌ಗಳು ತಿಂಗಳುಗಟ್ಟಲೆ ಸಂಬಳ ಕಂಡಿರಲಿಲ್ಲ. 1993ರಲ್ಲಿ ಶುರುವಾದ ಜೆಟ್ ಏರ್‌ವೇಸ್‌ನ ಕೊನೆಯ ವಿಮಾನ 2019ರ ಏಪ್ರಿಲ್ 17ರ ರಾತ್ರಿ ಅಮೃತಸರದಿಂದ ಮುಂಬೈಗೆ ಹಾರಿತು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ನಿಂತಿತು.

ಏರ್‌ಲೈನ್ ಮುಚ್ಚಿದಾಗ ಪೈಲಟ್ ಕಳೆದುಕೊಳ್ಳುವುದು ಸಂಬಳವನ್ನಷ್ಟೇ ಅಲ್ಲ, ಸೀನಿಯಾರಿಟಿಯನ್ನೂ. ಹೊರಗಿನವರಿಗೆ ಇದರ ನೋವು ಬೇಗ ಅರ್ಥವಾಗುವುದಿಲ್ಲ. ಯಾವ ವಿಮಾನ ಹಾರಿಸಬೇಕು, ಯಾವ ಊರು ಬೇಸ್, ಕ್ಯಾಪ್ಟನ್ ಪಟ್ಟಿ ಯಾವಾಗ ಭುಜಕ್ಕೇರುತ್ತದೆ, ಹಬ್ಬಕ್ಕೆ ಮನೆಯಲ್ಲಿರಬಹುದೇ ಎಂಬುದನ್ನೆಲ್ಲ ಬಹುತೇಕ ಏರ್‌ಲೈನ್‌ಗಳಲ್ಲಿ ನಿರ್ಧರಿಸುವುದು ಸೇರಿದ ದಿನಾಂಕ. ಬೇರೆ ಸಂಸ್ಥೆಗೆ ಹೋದರೆ ಅಲ್ಲಿನ ಸೀನಿಯಾರಿಟಿ ಪಟ್ಟಿಯ ತಳದಿಂದ ಮತ್ತೆ ಶುರು. ಹತ್ತು ಸಾವಿರ ಗಂಟೆ ಹಾರಿಸಿದ ಐವತ್ತರ ಕ್ಯಾಪ್ಟನ್ ಕೂಡ ಮೂವತ್ತರವರ ಹಿಂದೆ ನಿಲ್ಲಬೇಕು. ಬಿಸಿನೆಸ್ ಜೆಟ್‌ಗಳ ಲೋಕದಲ್ಲಿ ಹೆಚ್ಚಿನ ಕಡೆ ಇಂಥ ಪಟ್ಟಿಯೇ ಇಲ್ಲ. ಅನುಭವ ನೋಡುತ್ತಾರೆ, ಪರಿಚಯ ವಿಚಾರಿಸುತ್ತಾರೆ, ಎಡಗಡೆಯ ಕ್ಯಾಪ್ಟನ್ ಸೀಟು ಕೊಡುತ್ತಾರೆ. ಮನೆಸಾಲದ ಕಂತು ಕಟ್ಟಬೇಕಾದವರಿಗೆ ಇದು ದೊಡ್ಡ ಆಸರೆ.

ತಾವಾಗಿಯೇ ಬಿಡುವವರ ಕಾರಣ ಬೇರೆ. ದಿನಕ್ಕೆ ನಾಲ್ಕು ಸೆಕ್ಟರ್, ನಸುಕಿನ ಎರಡಕ್ಕೆ ಅಲಾರಂ, ಒಂದು ವಾರ ರಾತ್ರಿ ಪಾಳಿ, ಮರುವಾರ ಬೆಳಗಿನದು. ದಣಿವಿನ ಈ ಲೆಕ್ಕ ದೇಶಕ್ಕೆಲ್ಲ ಕಣ್ಣಿಗೆ ಕಂಡದ್ದು 2025ರ ಡಿಸೆಂಬರ್ ಮೊದಲ ವಾರದಲ್ಲಿ. ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿ, ರಾತ್ರಿಯ ಇಳಿತಗಳನ್ನು ಆರರಿಂದ ಎರಡಕ್ಕೆ ಇಳಿಸುವ ನಿಯಮವನ್ನು ವಿಮಾನಯಾನ ನಿಯಂತ್ರಕ ಡಿಜಿಸಿಎ 2024ರ ಜನವರಿಯಲ್ಲೇ ಪ್ರಕಟಿಸಿತ್ತು. ಅದು ಪೂರ್ತಿಯಾಗಿ ಜಾರಿಗೆ ಬಂದಾಗ ದೇಶದ ಅತಿ ದೊಡ್ಡ ಏರ್‌ಲೈನ್ ಬಳಿ ಸಾಕಷ್ಟು ಪೈಲಟ್‌ಗಳಿರಲಿಲ್ಲ. ಸಾವಿರಾರು ವಿಮಾನಗಳು ರದ್ದಾದವು. ನಿಲ್ದಾಣಗಳಲ್ಲಿ ಸೂಟ್‌ಕೇಸ್‌ಗಳ ಗುಡ್ಡೆ ಬಿದ್ದಿದ್ದ ಆ ದಿನಗಳಲ್ಲಿ ‘ರೋಸ್ಟರ್’ ಎಂಬ ಪದ ಮನೆಮಾತಾಯಿತು.

ಬಿಡುವುದೂ ಸುಲಭವಿಲ್ಲ. 2017ರಲ್ಲಿ ಡಿಜಿಸಿಎ ತಂದ ನಿಯಮದಂತೆ ಏರ್‌ಲೈನ್ ಕಮಾಂಡರ್ ಒಂದು ವರ್ಷ, ಕೋ-ಪೈಲಟ್ ಆರು ತಿಂಗಳು ನೋಟಿಸ್ ಕೊಡಬೇಕು. ಮುಂದಿನ ತಿಂಗಳೇ ಬನ್ನಿ ಎಂದು ಕರೆಯುವ ಜೆಟ್ ಮಾಲೀಕ ಒಂದು ವರ್ಷ ಕಾಯುವುದು ಅಪರೂಪ. ಎಷ್ಟೋ ಮಂದಿಯ ಮನಸ್ಸು ಆ ಅವಧಿಯಲ್ಲೇ ಬದಲಾಗುತ್ತದೆ.

ವಯಸ್ಸಿನ ಮಾತೂ ಇದೆ. ಅಂತರರಾಷ್ಟ್ರೀಯ ವಾಣಿಜ್ಯ ಸಾರಿಗೆಯಲ್ಲಿ ಪೈಲಟ್‌ಗೆ 65ರ ಗೆರೆ. ಮಾಲೀಕನೊಬ್ಬ ಸ್ವಂತಕ್ಕೆ ಇಟ್ಟುಕೊಂಡ ವಿಮಾನ ವಾಣಿಜ್ಯ ಸಾರಿಗೆಯ ಲೆಕ್ಕಕ್ಕೆ ಬಾರದ ಕಾರಣ ಈ ಗೆರೆ ಅದಕ್ಕೆ ಅನ್ವಯಿಸುವುದಿಲ್ಲ. ಅಮೆರಿಕದಲ್ಲಂತೂ ನಿಗದಿತ ಏರ್‌ಲೈನ್‌ನಿಂದ 65ಕ್ಕೆ ಬೀಳ್ಕೊಡುಗೆ ಪಡೆದವರು ಮರುದಿನವೇ ಬಿಸಿನೆಸ್ ಜೆಟ್ ಹಾರಿಸಲು ಕಾನೂನಿನ ಅಡ್ಡಿಯಿಲ್ಲ. ಮೆಡಿಕಲ್ ಪಾಸಾಗಬೇಕು, ಸಿಮ್ಯುಲೇಟರ್ ಪರೀಕ್ಷೆ ಗೆಲ್ಲಬೇಕು, ಅಷ್ಟೇ.

ಏಳು ಜನ ಎಂದವರು ಒಂಬತ್ತು ಬಂದಾಗ

ಏರ್‌ಲೈನ್ ಪೈಲಟ್ ಕಾಕ್‌ಪಿಟ್‌ಗೆ ಬರುವಷ್ಟರಲ್ಲಿ ಎಷ್ಟೋ ಕೈಗಳು ಕೆಲಸ ಮಾಡಿ ಮುಗಿಸಿರುತ್ತವೆ. ಡಿಸ್ಪ್ಯಾಚ್ ವಿಭಾಗ ಹವಾಮಾನ ನೋಡಿ, ಮಾರ್ಗ ಹಾಕಿ, ಇಂಧನದ ಲೆಕ್ಕ ಬರೆದಿರುತ್ತದೆ. ಲೋಡ್ ಶೀಟ್ ಮುದ್ರಣವಾಗಿ ಕೈಗೆ ಬರುತ್ತದೆ. ಊಟ, ನೀರು, ಶುಚಿತ್ವ, ಸಾಮಾನು, ಹೋಟೆಲ್, ಕ್ಯಾಬ್, ಯಾವುದೂ ಅವರ ತಲೆನೋವಲ್ಲ.

ಬಿಸಿನೆಸ್ ಜೆಟ್‌ನಲ್ಲಿ ರಾತ್ರಿ ಹತ್ತಕ್ಕೆ ಫೋನ್ ಬರುತ್ತದೆ. ಬೆಳಗ್ಗೆ ಏಳಕ್ಕೆ ತೋರಣಗಲ್ಲು, ಅಲ್ಲಿಂದ ಮುಂಬೈ, ಮೀಟಿಂಗ್ ಮುಗಿದ ಮೇಲೆ ದುಬೈಗೆ ಹೋದರೂ ಹೋಗಬಹುದು. ಫೋನ್ ಇಟ್ಟ ಕ್ಷಣದಿಂದ ಕ್ಯಾಪ್ಟನ್ ಮತ್ತು ಕೋ-ಪೈಲಟ್ ಇಬ್ಬರೇ ಒಂದು ಪುಟ್ಟ ಏರ್‌ಲೈನ್. ಉಕ್ಕಿನ ಕಾರ್ಖಾನೆಯ ಪಕ್ಕದ ಆ ವಿಮಾನ ನಿಲ್ದಾಣ ಎಷ್ಟು ಹೊತ್ತಿಗೆ ತೆರೆಯುತ್ತದೆ, ಇಂಧನ ಸಿಗುತ್ತದೆಯೇ, ಬೆಳಗಿನ ಮಂಜು ಎಷ್ಟು ಹೊತ್ತಿಗೆ ಸರಿಯುತ್ತದೆ ಎಂದು ಮೊದಲು ನೋಡಬೇಕು. ಮುಂಬೈಯಲ್ಲಿ ಇಳಿಯಲು ಸ್ಲಾಟ್ ಬೇಕು. ಇಳಿದ ಮೇಲೆ ವಿಮಾನ ನಿಲ್ಲಿಸಲು ಜಾಗ ಸಿಗದಿದ್ದರೆ ಮಾಲೀಕರನ್ನು ಇಳಿಸಿ, ಖಾಲಿ ವಿಮಾನವನ್ನು ಬೇರೊಂದು ಊರಿಗೆ ಒಯ್ದು ನಿಲ್ಲಿಸಿ, ಮತ್ತೆ ಕರೆ ಬಂದಾಗ ತರಬೇಕು. ದುಬೈ ಎಂದರೆ ಕಸ್ಟಮ್ಸ್, ಇಮಿಗ್ರೇಷನ್, ಪರ್ಮಿಟ್. ಇದನ್ನೆಲ್ಲ ನೋಡಿಕೊಳ್ಳುವ ಹ್ಯಾಂಡ್ಲಿಂಗ್ ಏಜೆನ್ಸಿಗಳು ಇವೆ, ಆದರೆ ಏಜೆನ್ಸಿ ಮರೆತದ್ದಕ್ಕೂ ಹೊಣೆ ಕ್ಯಾಪ್ಟನ್‌ದೇ.

ಇನ್ನು ವಿಮಾನದ ಬಳಿ. ಐಸ್ ಬಂತೇ, ಮಾಲೀಕರು ಓದುವ ಪತ್ರಿಕೆ ಬಂತೇ, ಶೌಚಾಲಯ ಶುಚಿಯಾಯಿತೇ. ಚಿಕ್ಕ ಜೆಟ್‌ಗಳಲ್ಲಿ ಕ್ಯಾಬಿನ್ ಸಿಬ್ಬಂದಿ ಇರುವುದಿಲ್ಲ. ಬಾಗಿಲು ಮುಚ್ಚುವುದು, ಸೀಟ್ ಬೆಲ್ಟ್ ಬಗ್ಗೆ ಹೇಳುವುದು, ಕಾಫಿ ಎಲ್ಲಿದೆ ಎಂದು ತೋರಿಸುವುದು ಕೋ-ಪೈಲಟ್ ಕೆಲಸ. ಏಳು ಜನ ಬರುತ್ತೇವೆ ಎಂದವರು ಒಂಬತ್ತು ಜನ ಬಂದು ನಿಲ್ಲುತ್ತಾರೆ. ಜತೆಗೆ ಗಾಲ್ಫ್ ಕಿಟ್, ಮದುವೆ ಉಡುಗೊರೆಗಳ ಡಬ್ಬಿಗಳು. ನೂರೆಂಬತ್ತು ಸೀಟಿನ ವಿಮಾನಕ್ಕೆ ಇಬ್ಬರು ಹೆಚ್ಚಾದರೆ ತೂಕದ ಲೆಕ್ಕ ಅಲುಗಾಡುವುದಿಲ್ಲ. ಎಂಟು ಟನ್ನಿನ ಜೆಟ್‌ನಲ್ಲಿ ಇಬ್ಬರು ಮನುಷ್ಯರು ಮತ್ತು ನಾಲ್ಕು ಪೆಟ್ಟಿಗೆ ಎಂದರೆ ಇಂಧನ ಇಳಿಸಬೇಕು, ಇಲ್ಲವೇ ದಾರಿಯಲ್ಲಿ ಒಮ್ಮೆ ಇಳಿಯಬೇಕು. ಮೈಸೂರಿನ ರನ್‌ವೇ 1,740 ಮೀಟರ್. ಮಧ್ಯಾಹ್ನದ ಬಿಸಿಲಿನಲ್ಲಿ, ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಮೇಲಿರುವ ಆ ರನ್‌ವೇಯಿಂದ ಮೇಲೇಳುವ ಲೆಕ್ಕ ಹಾಕುವವರಿಗೆ ಪ್ರತಿ ಪೆಟ್ಟಿಗೆಯೂ ಒಂದು ಸಂಖ್ಯೆ.

ಏರ್‌ಲೈನ್‌ನಿಂದ ಬಂದವರಿಗೆ ಮೊದಲ ತಿಂಗಳಲ್ಲಿ ಇರುಸುಮುರುಸಾಗುವುದು ಈ ಕೆಲಸಗಳಿಂದಲೇ. ಕ್ಯಾಪ್ಟನ್ ಸೂಟ್‌ಕೇಸ್ ಎತ್ತಬೇಕೇ? ಎತ್ತಬೇಕು. ಅದರಲ್ಲಿ ಅವಮಾನವೇನೂ ಇಲ್ಲ ಎಂದು ನಾನು ಬಲವಾಗಿ ನಂಬುತ್ತೇನೆ. ಸಾಮಾನನ್ನು ತಾನೇ ಎತ್ತಿ ಇಟ್ಟ ಪೈಲಟ್‌ಗೆ ಅದರ ತೂಕ ಕೈಯಿಂದಲೇ ಗೊತ್ತಿರುತ್ತದೆ, ಎಲ್ಲಿ ಕಟ್ಟಿದೆ ಎಂಬುದೂ ಗೊತ್ತಿರುತ್ತದೆ.

ನಂತರ ಕಾಯುವುದು. ಏರ್‌ಲೈನ್ ಪೈಲಟ್‌ಗೆ ವರ್ಷಕ್ಕೆ ಸಾವಿರ ಗಂಟೆಯ ಗರಿಷ್ಠ ಮಿತಿ ಇದೆ, ಅನೇಕರು ಅದರ ಹತ್ತಿರಕ್ಕೇ ಹೋಗುತ್ತಾರೆ. ಒಬ್ಬನೇ ಮಾಲೀಕನ ಜೆಟ್‌ನಲ್ಲಿ ಅದರ ಮೂರನೇ ಒಂದು ಭಾಗ ಹಾರಿದರೂ ಹೆಚ್ಚು. ಉಳಿದ ಹೊತ್ತೆಲ್ಲ ಫೋನ್ ಕೈಯಲ್ಲೇ. ಮಾಲೀಕರು ‘ಒಂದು ಗಂಟೆಯಲ್ಲಿ ಬರ್ತೀನಿ’ ಎಂದು ಒಂಬತ್ತು ಗಂಟೆ ಬಿಟ್ಟು ಬರುವುದುಂಟು. ಚಾರ್ಟರ್‌ಗೂ ಕರ್ತವ್ಯ ಸಮಯದ ಮಿತಿಗಳಿವೆ. ಆದರೆ ನಿಲ್ದಾಣದ ಲೌಂಜ್‌ನಲ್ಲಿ ಕೂತು ಕಳೆದ ಆ ಒಂಬತ್ತು ಗಂಟೆಯೂ ದಣಿವೇ ಎಂದು ಮಾಲೀಕನಿಗೆ ಮನವರಿಕೆ ಮಾಡಿಸುವುದು ಪೈಲಟ್‌ನ ಜವಾಬ್ದಾರಿ.

ಟ್ರಿಪ್ ಸಾಹೇಬರ ಪೈಲಟ್

ಏರ್‌ಲೈನ್ ಮತ್ತು ಖಾಸಗಿ ಹಾರಾಟದ ನಡುವಿನ ಕಂದಕವನ್ನು ಬಹಳ ಹಿಂದೆಯೇ ಸರಿಯಾಗಿ ಕಂಡವರು ಆಲ್ ಯೂಲ್ಚಿ. ಈ ಕಥೆ ನನಗೆ ತುಂಬ ಇಷ್ಟ. ಅಮೆರಿಕದ ಕೆಂಟಕಿಯಿಂದ ಬಂದ ಅವರು ಪಾನ್ ಆಮ್ ಏರ್‌ಲೈನ್‌ನ ಪೈಲಟ್, ಮುಂದೆ ಆ ಸಂಸ್ಥೆಯ ಮುಖ್ಯಸ್ಥ ಹುವಾನ್ ಟ್ರಿಪ್ ಅವರ ಖಾಸಗಿ ಪೈಲಟ್. ಎರಡನೇ ಮಹಾಯುದ್ಧ ಮುಗಿದಿತ್ತು. ಅಮೆರಿಕದ ದೊಡ್ಡ ಕಂಪನಿಗಳು ಮಿಲಿಟರಿಯ ಹಳೆಯ ವಿಮಾನಗಳನ್ನು ಕೊಂಡು, ಒಳಗೆ ಸೋಫಾ ಹಾಕಿಸಿ ಓಡಾಡುತ್ತಿದ್ದವು. ಅವನ್ನು ಹಾರಿಸುತ್ತಿದ್ದವರು ಯುದ್ಧ ಕಂಡ ಧೈರ್ಯಶಾಲಿಗಳು. ಆದರೆ ಏರ್‌ಲೈನ್‌ನಲ್ಲಿದ್ದಂತೆ ವರ್ಷವರ್ಷ ಪರೀಕ್ಷೆ, ತುರ್ತು ಸ್ಥಿತಿಯ ಅಭ್ಯಾಸ, ಒಂದೇ ವಿಧಾನ ಎಂಬುದು ಅವರಿಗಿರಲಿಲ್ಲ. ನ್ಯೂಯಾರ್ಕ್‌ನಲ್ಲಿ ಟ್ರಿಪ್ ಅವರಿಗಾಗಿ ಕಾಯುತ್ತ ಉಳಿದ ಪೈಲಟ್‌ಗಳೊಂದಿಗೆ ಹರಟುತ್ತಿದ್ದ ಯೂಲ್ಚಿಗೆ ಇದು ಕಾಣದಿರಲಿಲ್ಲ.

1951ರಲ್ಲಿ ಅವರು ನ್ಯೂಯಾರ್ಕ್‌ನ ಲಾಗಾರ್ಡಿಯಾ ನಿಲ್ದಾಣದಲ್ಲಿ ಫ್ಲೈಟ್‌ಸೇಫ್ಟಿ ಎಂಬ ತರಬೇತಿ ಸಂಸ್ಥೆ ತೆರೆದರು. ಅಲ್ಲಿ ಕಲಿಸಲು ಬಂದವರು ಬಿಡುವಿನ ವೇಳೆಯ ಏರ್‌ಲೈನ್ ಪೈಲಟ್‌ಗಳು. ಸಂಸ್ಥೆ ಬೆಳೆಯುತ್ತಿದ್ದರೂ ಯೂಲ್ಚಿ 1968ರವರೆಗೆ ಟ್ರಿಪ್ ಅವರ ಪೈಲಟ್ ಆಗಿಯೇ ಉಳಿದರು. ಇಂದು ಗಲ್ಫ್‌ಸ್ಟ್ರೀಮ್, ಸೆಸ್ನಾ, ಡಸಾಲ್ಟ್ ಜೆಟ್‌ಗಳ ಟೈಪ್ ರೇಟಿಂಗ್‌ಗೆ, ಅಂದರೆ ಆಯಾ ಮಾದರಿ ಹಾರಿಸುವ ಅರ್ಹತೆಗೆ, ಜಗತ್ತಿನ ಪೈಲಟ್‌ಗಳು ಸಾಲುಗಟ್ಟುವ ದೊಡ್ಡ ಸಂಸ್ಥೆಗಳಲ್ಲಿ ಅದೂ ಒಂದು. ವಾರೆನ್ ಬಫೆಟ್ ಅವರ ಬರ್ಕ್‌ಷೈರ್ ಹ್ಯಾಥವೇ 1996ರಲ್ಲಿ ಅದನ್ನು ಕೊಂಡಿತು. ಎರಡು ವರ್ಷದ ನಂತರ ಒಂದು ಜೆಟ್‌ನ ಒಡೆತನವನ್ನು ಹಲವರಿಗೆ ಪಾಲು ಹಾಕಿ ಮಾರುವ ನೆಟ್‌ಜೆಟ್ಸ್ ಕಂಪನಿಯನ್ನೂ ಕೊಂಡಿತು.

ಅಂದರೆ ಏರ್‌ಲೈನ್ ಪೈಲಟ್ ಖಾಸಗಿ ಜೆಟ್‌ಗೆ ತರುವ ಅತಿ ಬೆಲೆಬಾಳುವ ವಸ್ತು ಯಾವುದು ಎಂದು 1951ರಲ್ಲೇ ಗೊತ್ತಿತ್ತು. ಅದು ಕೈಚಳಕಕ್ಕಿಂತ ಮುಖ್ಯವಾದ ಅಭ್ಯಾಸಬಲ.

ವಿಮಾನ ಕಲಿಯುವುದು

ಯಂತ್ರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 737 ಹಾರಿಸಿದವರಿಗೆ ಅದರದೇ ಖಾಸಗಿ ರೂಪವಾದ ಬೋಯಿಂಗ್ ಬಿಸಿನೆಸ್ ಜೆಟ್ ಹೊಸತೇ ಅಲ್ಲ. ಏರ್‌ಬಸ್‌ನ ಸೈಡ್‌ಸ್ಟಿಕ್ ರೂಢಿಯಾದವರಿಗೆ ಫಾಲ್ಕನ್ 7ಎಕ್ಸ್ ಕೈಗೆ ಹತ್ತುತ್ತದೆ. ಬೇರೆ ಮಾದರಿಗಾದರೆ ಕೆಲವು ವಾರಗಳ ಕ್ಲಾಸು ಮತ್ತು ಸಿಮ್ಯುಲೇಟರ್. ಖರ್ಚು ಹತ್ತಾರು ಲಕ್ಷ. ಅದನ್ನು ಮಾಲೀಕ ಕೊಟ್ಟರೆ ಬಾಂಡ್‌ಗೆ ಸಹಿ ಹಾಕಬೇಕಾಗುತ್ತದೆ.

ಎರಡು ಸಂಗತಿ ಮಾತ್ರ ಗಟ್ಟಿಯಾಗಿ ಹೇಳಬೇಕು. ಒಂದು, ಎತ್ತರ. ಏರ್‌ಲೈನ್ ವಿಮಾನ ಸಾಮಾನ್ಯವಾಗಿ 35ರಿಂದ 39 ಸಾವಿರ ಅಡಿಯಲ್ಲಿ ಹಾರಿದರೆ, ಗಲ್ಫ್‌ಸ್ಟ್ರೀಮ್ ಜಿ650ಕ್ಕೆ 51 ಸಾವಿರ ಅಡಿಯವರೆಗೆ ಅನುಮತಿ. ಮಾರುತಗಳು ಕೆಳಗೆ ಉಳಿಯುತ್ತವೆ, ದಟ್ಟಣೆ ಇರುವುದಿಲ್ಲ, ನೇರ ದಾರಿ ಸಿಗುತ್ತದೆ. ಆದರೆ 35 ಸಾವಿರ ಅಡಿಯಲ್ಲಿ ಕ್ಯಾಬಿನ್ ಒತ್ತಡ ಹೋದರೆ ಮಾಸ್ಕ್ ಹಾಕಿಕೊಳ್ಳುವಷ್ಟು ಪ್ರಜ್ಞೆ ಉಳಿಯುವುದು 30ರಿಂದ 60 ಸೆಕೆಂಡ್. 43 ಸಾವಿರ ಅಡಿಗಿಂತ ಮೇಲೆ ಅದು ಹತ್ತು ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. 1999ರ ಅಕ್ಟೋಬರ್ 25ರಂದು ಗಾಲ್ಫ್ ಆಟಗಾರ ಪೇನ್ ಸ್ಟುವರ್ಟ್ ಇದ್ದ ಲಿಯರ್‌ಜೆಟ್ 35 ಫ್ಲಾರಿಡಾದ ಆರ್ಲ್ಯಾಂಡೊದಿಂದ ಹೊರಟು, ಒತ್ತಡ ಕಳೆದುಕೊಂಡು, ಒಳಗಿದ್ದವರೆಲ್ಲ ಪ್ರಜ್ಞೆ ತಪ್ಪಿದ ಮೇಲೂ ಗಂಟೆಗಟ್ಟಲೆ ತಾನಾಗಿ ಹಾರಿ ಸೌತ್ ಡಕೋಟಾದಲ್ಲಿ ಬಿದ್ದಿತು.

ಇನ್ನೊಂದು, ಚುರುಕು. ನ್ಯೂಯಾರ್ಕ್‌ಗೆ ಬರುವ ಬಿಸಿನೆಸ್ ಜೆಟ್‌ಗಳ ಮೆಚ್ಚಿನ ನಿಲ್ದಾಣ ನ್ಯೂಜೆರ್ಸಿಯ ಟೆಟರ್‌ಬೊರೊ. ಅಲ್ಲಿ 24ನೇ ರನ್‌ವೇಯಿಂದ ಹೊರಡುವ ‘ರೂಡಿ’ ಎಂಬ ಮಾರ್ಗದಲ್ಲಿ ಮೊದಲ ಕೆಲವು ಮೈಲಿ 1,500 ಅಡಿಯಲ್ಲೇ ನಿಲ್ಲಬೇಕು. ಏಕೆಂದರೆ ಸ್ವಲ್ಪವೇ ಮೇಲೆ ನೆರೆಯ ನ್ಯೂವರ್ಕ್ ನಿಲ್ದಾಣಕ್ಕೆ ಇಳಿಯುವ ದೊಡ್ಡ ವಿಮಾನಗಳ ಸಾಲು. ಪ್ರಯಾಣಿಕರು ಕಡಿಮೆಯಿದ್ದು, ಎಂಜಿನ್ ಶಕ್ತಿ ಹೆಚ್ಚಿರುವ ಜೆಟ್ ನೆಲ ಬಿಟ್ಟ ಕೆಲವೇ ಸೆಕೆಂಡಿನಲ್ಲಿ ಆ ಎತ್ತರ ಮುಟ್ಟುತ್ತದೆ. ಚಕ್ರ ಮಡಚಿ, ರೇಡಿಯೊ ಬದಲಿಸುವಷ್ಟರಲ್ಲಿ ಮೀರಿ ಹೋಗುತ್ತದೆ. ಈ ಮಿತಿ ಮೀರಿದವರ ಪಟ್ಟಿ ಉದ್ದವಿದೆ, ಅದರಲ್ಲಿ ಅನುಭವಿಗಳೂ ಇದ್ದಾರೆ.

ಹನ್ನೆರಡು ವರ್ಷ ಜತೆಗಿದ್ದ ಇಬ್ಬರು

ಅಮೆರಿಕದ ಬಾಸ್ಟನ್ ಬಳಿಯ ಬೆಡ್‌ಫರ್ಡ್‌ನಲ್ಲಿ 2014ರ ಮೇ 31ರ ರಾತ್ರಿ ಗಲ್ಫ್‌ಸ್ಟ್ರೀಮ್ 4 ಜೆಟ್ ಒಂದು ರನ್‌ವೇಯಲ್ಲಿ ವೇಗ ಪಡೆಯಿತು, ಮೇಲೇಳಲಿಲ್ಲ. ರನ್‌ವೇ ದಾಟಿ, ಬೇಲಿ ಮುರಿದು, ಹಳ್ಳಕ್ಕೆ ಬಿದ್ದು ಉರಿಯಿತು. ಫಿಲಡೆಲ್ಫಿಯಾದ ಪತ್ರಿಕೆಯ ಸಹಮಾಲೀಕ ಲೂಯಿಸ್ ಕಾಟ್ಜ್ ಸೇರಿ ಏಳೂ ಜನ ತೀರಿಕೊಂಡರು.

ಕಾರಣ ಕೇಳಿದರೆ ಕರುಳು ಚುರುಕ್ಕೆನ್ನುತ್ತದೆ. ನಿಲ್ಲಿಸಿದ ವಿಮಾನದ ರೆಕ್ಕೆಬಾಲದ ಹಲಗೆಗಳು ಗಾಳಿಗೆ ಬಡಿದಾಡದಂತೆ ಹಾಕುವ ಗಸ್ಟ್ ಲಾಕ್ ಎಂಬ ಬೀಗ ಇರುತ್ತದೆ. ಅದನ್ನು ತೆಗೆದಿರಲಿಲ್ಲ. ಎಂಜಿನ್ ಶುರುವಾದ ಮೇಲೆ ನಿಯಂತ್ರಣಗಳನ್ನು ಪೂರ್ತಿ ಅತ್ತಿತ್ತ ತಿರುಗಿಸಿ ನೋಡಿದ್ದರೆ ಹತ್ತೇ ಸೆಕೆಂಡಿನಲ್ಲಿ ತಿಳಿಯುತ್ತಿತ್ತು. ನೋಡಿರಲಿಲ್ಲ. ತನಿಖೆ ಮಾಡಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ ವಿಮಾನದ ರೆಕಾರ್ಡರ್ ತೆಗೆದು ಹಿಂದಿನ 175 ಹಾರಾಟ ನೋಡಿತು. ಆ ಪರೀಕ್ಷೆ ಪೂರ್ತಿಯಾಗಿ ನಡೆದದ್ದು ಎರಡೇ ಸಲ.

ಆ ಇಬ್ಬರು ಪೈಲಟ್‌ಗಳು ಅನನುಭವಿಗಳಲ್ಲ. ಸುಮಾರು ಹನ್ನೆರಡು ವರ್ಷ ಒಟ್ಟಿಗೆ ಹಾರಿದ್ದರು. ಅವರ ಸಂಸ್ಥೆಗೆ ಅಂತರರಾಷ್ಟ್ರೀಯ ಸುರಕ್ಷತಾ ಪ್ರಮಾಣಪತ್ರವೂ ಇತ್ತು. ದೊಡ್ಡ ಏರ್‌ಲೈನ್‌ನಲ್ಲಿ ಇವತ್ತು ಪಕ್ಕದಲ್ಲಿ ಕೂತವರು ನಾಳೆ ಇರುವುದಿಲ್ಲ. ಅಪರಿಚಿತರಿಬ್ಬರು ಕೆಲಸ ಮಾಡಬೇಕೆಂದರೆ ಪ್ರತಿ ಸಾಲನ್ನೂ ಬಾಯಿಬಿಟ್ಟು ಓದಬೇಕು, ಉತ್ತರಿಸಬೇಕು. ವರ್ಷಗಟ್ಟಲೆ ಜತೆಗಿದ್ದವರಿಗೆ ಒಂದು ನೋಟ ಸಾಕಾಗುತ್ತದೆ. ಆ ನೋಟದಲ್ಲಿ ಏನೇನು ಬಿಟ್ಟುಹೋಯಿತು ಎಂದು ಹೇಳುವ ಮೂರನೆಯವರು ಅಲ್ಲಿರುವುದಿಲ್ಲ.

ಇದು ಇಬ್ಬರದೇ ದೋಷವೆಂದು ಸುಮ್ಮನಾಗುವಂತೆಯೂ ಇಲ್ಲ. ಈ ದುರಂತದ ನಂತರ ಅಮೆರಿಕದ ಬಿಸಿನೆಸ್ ವಿಮಾನಯಾನ ಸಂಘ ಎನ್‌ಬಿಎಎ 1,43,756 ಹಾರಾಟಗಳ ದತ್ತಾಂಶ ಪರಿಶೀಲಿಸಿ 2016ರಲ್ಲಿ ವರದಿ ಕೊಟ್ಟಿತು. ಸುಮಾರು ಶೇ 15.6ರಷ್ಟು ಹಾರಾಟಗಳಲ್ಲಿ ನಿಯಂತ್ರಣ ಪರೀಕ್ಷೆ ಅರೆಬರೆ, ಶೇ 2ರಷ್ಟರಲ್ಲಿ ನಡೆದೇ ಇರಲಿಲ್ಲ. ತನ್ನ ಕ್ಷೇತ್ರದ ಹುಳುಕನ್ನು ತಾನೇ ಎಣಿಸಿ ಊರಿಗೆಲ್ಲ ಹೇಳಿದ ಆ ಸಂಘದ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ.

ಏರ್‌ಲೈನ್‌ನಿಂದ ಬಂದ ಪೈಲಟ್ ಮೊದಲ ದಿನ ಚೆಕ್‌ಲಿಸ್ಟ್ ಪೂರ್ತಿ ಓದತೊಡಗಿದಾಗ, ‘ಇಲ್ಲಿ ಅಷ್ಟೆಲ್ಲ ಬೇಕಿಲ್ಲ’ ಎಂದು ಪಕ್ಕದವರು ಹೇಳಿದರೆ ಅವರು ನೆನೆಯಬೇಕಾದದ್ದು ಬೆಡ್‌ಫರ್ಡ್. ಪ್ರತಿ ಹಾರಾಟವನ್ನೂ ದತ್ತಾಂಶದಿಂದ ಅಳೆಯುವ ವ್ಯವಸ್ಥೆ ಇರಬೇಕೆಂಬ ಅಂತರರಾಷ್ಟ್ರೀಯ ನಿಯಮ ಅನ್ವಯಿಸುವುದು 27,000 ಕೆ.ಜಿ.ಗಿಂತ ಹೆಚ್ಚು ತೂಗುವ ವಾಣಿಜ್ಯ ವಿಮಾನಗಳಿಗೆ. ನಮ್ಮಲ್ಲಿ ಓಡಾಡುವ ಚಿಕ್ಕ, ಮಧ್ಯಮ ಜೆಟ್‌ಗಳು ಆ ತೂಕದ ಕೆಳಗೇ ಉಳಿಯುತ್ತವೆ. ಏರ್‌ಲೈನ್‌ನಲ್ಲಿ ಸ್ವಲ್ಪ ವೇಗವಾಗಿ ಇಳಿದರೂ ಮರುದಿನ ಕಚೇರಿಯಿಂದ ವಿಚಾರಣೆ ಬರುತ್ತಿತ್ತು. ಇಲ್ಲಿ ಯಾರೂ ಕೇಳುವುದಿಲ್ಲ. ತಾನೇ ಕೇಳಿಕೊಳ್ಳಬೇಕು.

ಆಸ್ಪೆನ್‌ನ ಸಂಜೆ

ಕೊಲರಾಡೊದ ಆಸ್ಪೆನ್ ಸಿರಿವಂತರ ಸ್ಕೀಯಿಂಗ್ ಊರು. ನಿಲ್ದಾಣ ಇರುವುದು 7,800 ಅಡಿ ಎತ್ತರದ ಕಣಿವೆಯಲ್ಲಿ, ಮೂರು ಕಡೆ ಬೆಟ್ಟ. 2001ರ ಮಾರ್ಚ್ 29ರಂದು ಲಾಸ್ ಏಂಜಲೀಸ್ ಕಡೆಯಿಂದ ಹೊರಡಬೇಕಿದ್ದ ಚಾರ್ಟರ್ ಗಲ್ಫ್‌ಸ್ಟ್ರೀಮ್ 3ಕ್ಕೆ ಪ್ರಯಾಣಿಕರು ತಡವಾಗಿ ಬಂದರು. ಕತ್ತಲಾದರೆ ಆಸ್ಪೆನ್‌ನಲ್ಲಿ ಇಳಿಯುವಂತಿಲ್ಲ, ಬೇರೆ ಊರಿಗೆ ಹೋಗಬೇಕಾಗಬಹುದು ಎಂದು ಪೈಲಟ್ ಮೊದಲೇ ಹೇಳಿದ್ದರು. ವಿಮಾನ ಬಾಡಿಗೆಗೆ ಪಡೆದವರು ಸಿಟ್ಟಾದರು, ಆ ಸಿಟ್ಟು ಕಂಪನಿಯ ಮೂಲಕ ಕಾಕ್‌ಪಿಟ್‌ವರೆಗೂ ತಲುಪಿತು. ಹಿಮ ಬೀಳುತ್ತಿತ್ತು. ಮುಂದೆ ಹೋದ ಕೆಲವು ವಿಮಾನಗಳು ರನ್‌ವೇ ಕಾಣದೆ ಮರಳಿದ್ದವು. ಪೈಲಟ್‌ಗಳ ಹಿಂದಿನ ಮಡಚು ಸೀಟಿನಲ್ಲಿ ಪ್ರಯಾಣಿಕರೊಬ್ಬರು ಬಂದು ಕೂತಿದ್ದರು. ರನ್‌ವೇ ಸರಿಯಾಗಿ ಕಾಣದಿದ್ದರೂ ವಿಮಾನ ಕನಿಷ್ಠ ಎತ್ತರದ ಕೆಳಗೆ ಇಳಿಯಿತು. ಬೆಟ್ಟದ ಬುಡಕ್ಕೆ ಅಪ್ಪಳಿಸಿ 18 ಜನರೂ ಸತ್ತರು. ಬಾಡಿಗೆದಾರನ ಒತ್ತಡವನ್ನು ಎನ್‌ಟಿಎಸ್‌ಬಿ ಅಪಘಾತಕ್ಕೆ ಕೊಡುಗೆಯಿತ್ತ ಕಾರಣಗಳಲ್ಲಿ ಒಂದೆಂದು ದಾಖಲಿಸಿತು.

ಏರ್‌ಲೈನ್ ಪೈಲಟ್ ಮಳೆ ನೋಡಿ ಬೇರೆ ಊರಿಗೆ ತಿರುಗಿದರೆ ನೂರೆಂಬತ್ತು ಜನ ಬೈಯುತ್ತಾರೆ, ಆದರೆ ಅವರಲ್ಲಿ ಒಬ್ಬರೂ ಅವರ ಸಂಬಳ ಕೊಡುವವರಲ್ಲ. ನಡುವೆ ಗಟ್ಟಿ ಬಾಗಿಲು. ಆಚೆ ಡಿಸ್ಪ್ಯಾಚ್, ಆಪರೇಷನ್ಸ್, ನಿಯಮಪುಸ್ತಕ, ಯೂನಿಯನ್. ‘ಆಗದು’ ಎಂಬ ಮಾತನ್ನು ಅವರ ಪರವಾಗಿ ಇಡೀ ಸಂಸ್ಥೆ ಹೇಳುತ್ತದೆ. ಬಿಸಿನೆಸ್ ಜೆಟ್‌ನಲ್ಲಿ ಬಾಗಿಲು ಹೆಚ್ಚಾಗಿ ತೆರೆದೇ ಇರುತ್ತದೆ, ಹತ್ತಡಿ ಹಿಂದೆ ಮಾಲೀಕ. ಮಗಳ ಮದುವೆಗೆ, ಕೋಟಿಗಟ್ಟಲೆ ವ್ಯವಹಾರದ ಸಹಿಗೆ, ಆಸ್ಪತ್ರೆಯಲ್ಲಿರುವ ತಾಯಿಯನ್ನು ನೋಡಲು ಹೊರಟ ಮನುಷ್ಯ. ಅವರು ಕೆಟ್ಟವರಾಗಿರಬೇಕಿಲ್ಲ. ಮನೆಯವರ ಹೆಸರು ಹಿಡಿದು ಯೋಗಕ್ಷೇಮ ವಿಚಾರಿಸುವ ಒಳ್ಳೆಯವರೇ ಆಗಿರಬಹುದು. ಆಗ ಇನ್ನೂ ಕಷ್ಟ. ನಿಷ್ಠೆಯೇ ಒತ್ತಡವಾಗುತ್ತದೆ.

ನಮ್ಮ ನೆಲದಲ್ಲೂ ಮಳೆ ಸುಲಭದ್ದಲ್ಲ. 2023ರ ಸೆಪ್ಟೆಂಬರ್ 14ರಂದು ವಿಶಾಖಪಟ್ಟಣದಿಂದ ಬಂದ ಲಿಯರ್‌ಜೆಟ್ 45 ಮುಂಬೈಯ ಭಾರಿ ಮಳೆಯಲ್ಲಿ, ಗೋಚರತೆ ಏಳುನೂರು ಮೀಟರ್ ಇದ್ದಾಗ ಇಳಿಯಲು ಹೋಗಿ ರನ್‌ವೇಯಿಂದ ಜಾರಿ ಮುರಿಯಿತು. ಒಳಗಿದ್ದ ಎಂಟೂ ಜನ ಬದುಕಿದ್ದು ಪುಣ್ಯ. ಕಾರ್ಖಾನೆ, ಗಣಿಗಳ ಬದಿಯ ಎಷ್ಟೋ ಚಿಕ್ಕ ರನ್‌ವೇಗಳಲ್ಲಿ ಮುಂಬೈಯಂಥ ನಿಲ್ದಾಣದ ಮಾರ್ಗದರ್ಶಿ ಉಪಕರಣಗಳು ಇರುವುದಿಲ್ಲ. ಚುನಾವಣೆ ಬಂತೆಂದರೆ ದಿನಕ್ಕೆ ನಾಲ್ಕಾರು ಊರು ಸುತ್ತಬೇಕೆಂಬ ಆತುರ ಬೇರೆ. ಇಲ್ಲಿ ಏರ್‌ಲೈನ್‌ನಲ್ಲಿ ಮೈಗೂಡಿದ ಶಿಸ್ತು ಒಬ್ಬ ಪೈಲಟ್‌ನ ಬಲವಲ್ಲ, ಹಿಂದೆ ಕೂತವರ ಆಯುಸ್ಸು.

ಸಂಬಳ, ಸಂಸಾರ, ಮರಳಿ ಹೋಗುವ ದಾರಿ

ಸಂಬಳದ ಬಗ್ಗೆ ಒಂದೇ ಮಾತಿನಲ್ಲಿ ಹೇಳಲಾಗದು. ದೂರ ಹಾರುವ ದೊಡ್ಡ ಜೆಟ್‌ನ ಕ್ಯಾಪ್ಟನ್‌ಗೆ ಏರ್‌ಲೈನ್‌ಗೆ ಸಮಾನವಾಗಿ ಸಿಗಬಹುದು, ಚಿಕ್ಕ ಚಾರ್ಟರ್‌ನಲ್ಲಿ ಕಡಿಮೆ. ಅಮೆರಿಕದ ಪಾಲು ಒಡೆತನದ ಕಂಪನಿಗಳಲ್ಲಿ ಏಳು ದಿನ ಕೆಲಸ, ಏಳು ದಿನ ಮನೆ ಎಂಬ ಪದ್ಧತಿ ಇದೆ. ನಮ್ಮಲ್ಲಿ ಒಂದೇ ವಿಮಾನದ ಮಾಲೀಕನ ಬಳಿ ಅಂಥ ರೋಸ್ಟರ್ ಹೆಚ್ಚಾಗಿ ಮಾತಿನ ಒಪ್ಪಂದವಷ್ಟೇ. ಮಗುವಿನ ಹುಟ್ಟುಹಬ್ಬಕ್ಕೆ ಊರಲ್ಲಿರುತ್ತೇನೆಯೇ ಎಂದು ಹಿಂದಿನ ರಾತ್ರಿಯವರೆಗೂ ಹೇಳಲಾಗದು.

ಭದ್ರತೆಯೂ ಒಬ್ಬನ ಅದೃಷ್ಟಕ್ಕೆ ಕಟ್ಟಿದ್ದು. ಕಿಂಗ್‌ಫಿಷರ್ ಮಾಲೀಕರ ಸ್ವಂತ ಏರ್‌ಬಸ್ ಎ319 (ನೋಂದಣಿ ವಿಟಿ-ವಿಜೆಎಂ) ತೆರಿಗೆ ಬಾಕಿಗಾಗಿ ಜಪ್ತಿಯಾಗಿ ಮುಂಬೈಯಲ್ಲಿ ವರ್ಷಗಟ್ಟಲೆ ನಿಂತಿತ್ತು. ಹಲವು ಹರಾಜು ಸೋತು, 2018ರಲ್ಲಿ ಸುಮಾರು 35 ಕೋಟಿ ರೂಪಾಯಿಗೆ ಹೋಯಿತು. ಏರ್‌ಲೈನ್ ಮುಳುಗಿದರೆ ಖಾಸಗಿ ಜೆಟ್ ಇದೆಯಲ್ಲ ಎಂದುಕೊಳ್ಳುವವರು ಒಂದೇ ಮಾಲೀಕನ ಏರ್‌ಲೈನ್ ಮತ್ತು ಖಾಸಗಿ ಜೆಟ್ ಎರಡೂ ನೆಲಕ್ಕಿಳಿದ ಈ ಉದಾಹರಣೆಯನ್ನು ನೆನಪಿಡಬೇಕು.

ದಾರಿ ಒಂದೇ ದಿಕ್ಕಿನದಲ್ಲ. ಕೋವಿಡ್ ನಂತರ ಅಮೆರಿಕದ ಏರ್‌ಲೈನ್‌ಗಳು ಸಂಬಳ ಏರಿಸಿದಾಗ ಬಿಸಿನೆಸ್ ಜೆಟ್ ಪೈಲಟ್‌ಗಳು ಅತ್ತ ಹೊರಟರು, ಇತ್ತಲಿನ ಕಂಪನಿಗಳೂ ಸಂಬಳ ಏರಿಸಬೇಕಾಯಿತು. ನಮ್ಮಲ್ಲಿ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 1997ರಲ್ಲಿ ಬಾಡಿಗೆ ಹೆಲಿಕಾಪ್ಟರ್‌ನಿಂದ ಶುರುಮಾಡಿ, 2003ರಲ್ಲಿ ಏರ್ ಡೆಕ್ಕನ್ ಎಂಬ ಅಗ್ಗದ ಏರ್‌ಲೈನ್ ಕಟ್ಟಿದರು. ಚಾರ್ಟರ್ ಜಗತ್ತಿನ ಚುರುಕುತನ ಅಲ್ಲಿಗೆ ಹೋಗಿತ್ತು.

ದಾರಿ ಬದಲಿಸುವ ಯೋಚನೆಯಲ್ಲಿರುವ ಪೈಲಟ್‌ಗಳು ಸಂದರ್ಶನದಲ್ಲಿ ಸಂಬಳ, ರಜೆ, ಬಾಂಡ್ ಎಲ್ಲವನ್ನೂ ಕೇಳುತ್ತಾರೆ. ಅದರ ಜತೆ ಇವನ್ನೂ ಕೇಳಬೇಕು. ಹಾರಾಟ ರದ್ದು ಮಾಡುವ ಕೊನೆಯ ಮಾತು ಯಾರದು, ಅದು ಒಪ್ಪಂದದಲ್ಲಿ ಬರೆದಿದೆಯೇ? ಕಳೆದ ಮಳೆಗಾಲದಲ್ಲಿ ಹವಾಮಾನಕ್ಕಾಗಿ ಎಷ್ಟು ಸಲ ರದ್ದಾಯಿತು? ಒಮ್ಮೆಯೂ ಇಲ್ಲವೆಂದರೆ ಯಾಕೆ? ಸಿಮ್ಯುಲೇಟರ್‌ಗೆ ಆರು ತಿಂಗಳಿಗೊಮ್ಮೆ ಕಳಿಸುತ್ತೀರಾ, ವರ್ಷಕ್ಕೊಮ್ಮೆಯೇ? ಪಕ್ಕದಲ್ಲಿ ಹಾರುವವರು ಯಾರು, ಹೊರಗಿನ ಪರೀಕ್ಷಕರು ಅವರ ಜತೆ ಕೊನೆಯ ಬಾರಿ ಕೂತು ನೋಡಿದ್ದು ಯಾವಾಗ? ಹಿಂದಿನ ಕ್ಯಾಪ್ಟನ್ ಯಾಕೆ ಬಿಟ್ಟರು? ಈ ಕೊನೆಯ ಪ್ರಶ್ನೆಯನ್ನು ಮಾಲೀಕರಿಗೆ ಕೇಳಿದ ಮೇಲೆ, ಆ ಕ್ಯಾಪ್ಟನ್‌ಗೂ ಒಂದು ಫೋನ್ ಮಾಡಬೇಕು.